ಮೀನೆಣ್ಣೆಯ ಗುಳಿಗೆಯೂ ನಮ್ಮ ತಾರ್ಲೆಯೂ

ಭಟ್ಕಳ, ಹೊನ್ನಾವರ, ಕುಮಟೆಗಳ ವಯಸ್ಕರಲ್ಲಿ ವೈದ್ಯರನ್ನು ವಿಚಾರಿಸದೆಯೇ ಮೀನೆಣ್ಣೆಯ ಗುಳಿಗೆಗಳನ್ನು ಕೊಂಡು ಸೇವಿಸುವವರುಂಟು. ಆ ಎಣ್ಣೆಯಾದರೋ ಬಹುಮಟ್ಟಿಗೆ ತಾರ್ಲೆಯಂತಹ ಸಣ್ಣ ಮೀನುಗಳದೇ! ಹಿಂದೆ ಈ ಕರಾವಳಿಯಲ್ಲಿ ಮೀನು ಹೇರಳವಾಗಿ ಬಿದ್ದ ವರ್ಷ ತಾರ್ಲೆಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಈಗ ಮಿಕ್ಕುದು ಮೀನುಹಿಟ್ಟಿನ ಕಾರಖಾನೆಗೆ ಸಾಗುತ್ತದೆ. ಮರಕ್ಕೂ ಕೋಳಿಗೂ ಮೀನು, ಮನುಷ್ಯನಿಗೆ ಸೀಸೆ! ವಾರಕ್ಕೆ 2 ಸಲ ತಾರ್ಲೆಯನ್ನೋ ಬಂಗಡೆಯನ್ನೋ ಉಂಡ ಆರೋಗ್ಯವಂತನಿಗೆ ಆ ಗುಳಿಗೆಯ ಅವಶ್ಯಕತೆ ಸಾಮಾನ್ಯವಾಗಿ ಇರದು. ತಾರ್ಲೆಯ ಮೆತ್ತನೆಯ ಮುಳ್ಳಿನಿಂದ ಸುಣ್ಣದ ಅಂಶವೂ ದೊರೆಯುವುದು. ಮೀನು ಮುಟ್ಟದವರಿಗೆ ನುಗ್ಗೆಸೊಪ್ಪು, ಮಜ್ಜಿಗೆ, ರಾಗಿಗಳಿವೆ. 100 ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಸುಣ್ಣವಿದೆ. ಆಳುಗಳಿಗೆ ಊಟವಿಕ್ಕುವ ಜಮೀನುದಾರರು ಗಂಜಿಯೊಡನೆ ಎರಡು ತಾರ್ಲೆಯನ್ನೂ ಬಡಿಸುವಂತಾಗಲಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯ ಮಾತು ಬೇರೆ. ಅದನ್ನು ನಿಲ್ಲಿಸಲಾಗದು, ಚಹದೊಡನೆ ನುಂಗಲೂ ಆಗದು. ಗ್ರಾಮದ ಮುಖ್ಯಸ್ಥರು ಇಷ್ಟನ್ನು ಮನೆಮನೆಗೆ ತಿಳಿಯಪಡಿಸಬೇಕು.