ರಾಮಪತ್ರೆಯ ಬೀಜ ಕಪಾಟಿನಲ್ಲಿ ಬದುಕುವುದಿಲ್ಲ

ಮುಂಗಾರು ಸಮೀಪಿಸುತ್ತಿದ್ದಂತೆ ಮಲೆನಾಡಿನ ಶಾಲೆಗಳಲ್ಲಿ, ಯುವಕ ಸಂಘಗಳಲ್ಲಿ ಬೀಜದುಂಡೆ ಕಟ್ಟುವ ಉತ್ಸಾಹ ಕಾಣಿಸಿಕೊಳ್ಳುತ್ತದೆ. ಕೆಮ್ಮಣ್ಣಿಗೆ ಗೊಬ್ಬರ ಕಲಸಿ, ನಡುವೆ ಬೀಜವಿಟ್ಟು ಉಂಡೆ ಮಾಡಿ, ದಿನಗಟ್ಟಲೆ ಒಣಗಿಸಿ, ಪರಿಸರ ದಿನದಂದು ಬೆಟ್ಟಕ್ಕೆ ಎಸೆದು ಬರುತ್ತಾರೆ. ಹುಣಸೆ, ನೆಲ್ಲಿ, ಕಕ್ಕೆ, ಬಾಗೆಯಂಥ ಮರಗಳಿಗೆ ಈ ಕ್ರಮ ಒಗ್ಗೀತು. ಆದರೆ ಅದೇ ಬುಟ್ಟಿಯಲ್ಲಿ ಒಮ್ಮೊಮ್ಮೆ ರಾಮಪತ್ರೆಯ ಬೀಜವೂ ಇರುವುದನ್ನು ನೋಡಿದ್ದೇನೆ. ವಿರಳವಾಗುತ್ತಿರುವ ಮರವನ್ನು ಹೆಚ್ಚಿಸಬೇಕೆಂಬ ಸದುದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಒಣಗಿದ ಆ ಉಂಡೆಯೊಳಗೆ ಉಳಿದಿರುವುದು ಸತ್ತ ಬೀಜ. ಇದು ಏಕೆಂದು ತಿಳಿಯಬೇಕಾದರೆ ರಾಮಪತ್ರೆಯ ಕುಟುಂಬದ ಕಾಯಿಯನ್ನೂ ಬೀಜವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಿರಿಸ್ಟಿಕೇಸಿ ಎಂದು ಕರೆಯಲಾಗುವ ಈ ಸಸ್ಯಕುಟುಂಬದಲ್ಲಿ ಸುಮಾರು ೨೦ ಕುಲಗಳೂ ಸುಮಾರು ೫೦೦ ಪ್ರಭೇದಗಳೂ ಇವೆ. ಏಷ್ಯಾ, ಆಫ್ರಿಕಾ, ಅಮೆರಿಕಗಳ ಉಷ್ಣವಲಯದ ಮಳೆಕಾಡುಗಳೇ ಇವುಗಳ ನೆಲೆ. ಪಶ್ಚಿಮಘಟ್ಟದಲ್ಲಿ ಸಹಜವಾಗಿ ಬೆಳೆಯುವ ಪ್ರಭೇದಗಳನ್ನು ಸಾಮಾನ್ಯವಾಗಿ ಐದೆಂದು ಎಣಿಸುತ್ತಾರೆ. ರಾಮಪತ್ರೆ, ಕಾಡು ಜಾಯಿಕಾಯಿ ಮೊದಲಾದವು ಅವುಗಳಲ್ಲಿ ಸೇರಿವೆ. ಅಡುಗೆಮನೆಯ ಜಾಯಿಕಾಯಿ ಇದೇ ಮನೆತನದ್ದಾದರೂ ಪರದೇಶದಿಂದ ಬಂದದ್ದು. ತೊಗಟೆ ಕೆತ್ತಿದರೆ ರಕ್ತದಂತೆ ಕೆಂಪು ರಸ ಒಸರುವುದು ಈ ಮರಗಳ ಗುರುತು. ಗಂಡುಹೂವು ಒಂದು ಮರದಲ್ಲಿ, ಹೆಣ್ಣುಹೂವು ಇನ್ನೊಂದು ಮರದಲ್ಲಿ ಬಿಡುತ್ತವೆ. ಕಾಯಿ ಬಿಡದ ಮರ ದಂಡವೆಂದು ಕಡಿದವರು ಗಂಡು ಮರವನ್ನೇ ಕಡಿದಿರುತ್ತಾರೆ. ಸುತ್ತಮುತ್ತ ಬೇರೆ ಗಂಡು ಮರವಿಲ್ಲದಿದ್ದರೆ ಪಕ್ಕದ ಹೆಣ್ಣು ಮರ ಬಂಜೆಯಾಗುತ್ತದೆ.

ಕಾಯಿಯ ರಚನೆ ಕುಟುಂಬದುದ್ದಕ್ಕೂ ಹೆಚ್ಚುಕಡಿಮೆ ಒಂದೇ. ದಪ್ಪನೆಯ ಸಿಪ್ಪೆ ಬಲಿತಾಗ ಎರಡು ಹೋಳಾಗಿ ಬಿರಿಯುತ್ತದೆ. ಒಳಗೆ ಒಂದೇ ಒಂದು ದೊಡ್ಡ ಬೀಜ, ಅದರ ಮೇಲೆ ಹಳದಿಯಿಂದ ಕಡುಗೆಂಪಿನವರೆಗೆ ನಾನಾ ಛಾಯೆಗಳಲ್ಲಿ ಹೊದಿಕೆಯಂತೆ ಅಂಟಿದ ಪತ್ರೆ. ಇದು ಹೂವಿನ ಭಾಗವೂ ಅಲ್ಲ, ಎಲೆಯೂ ಅಲ್ಲ. ಬೀಜದ ಬುಡದಿಂದ ಹೊರಟು ಬೀಜವನ್ನು ತಬ್ಬುವ ಮಾಂಸಲ ಬೆಳವಣಿಗೆ. ಜಾಯಿಕಾಯಿಯದು ಜಾಪತ್ರೆ, ನಮ್ಮ ಕಾಡಿನದು ರಾಮಪತ್ರೆ. ಜಾಪತ್ರೆಯ ಪರಿಮಳ ರಾಮಪತ್ರೆಗಿಲ್ಲ; ಆದರೂ ಬಾಂಬೆ ಜಾಪತ್ರೆಯೆಂಬ ಹೆಸರಿನಲ್ಲಿ ಅದು ಮಸಾಲೆ ವ್ಯಾಪಾರದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ, ಅಸಲಿಯೊಡನೆ ಬೆರಕೆಯೂ ಆಗುತ್ತದೆ.

ಮರವು ಪತ್ರೆಯನ್ನು ಬೆಳೆಸಿದ್ದು ಮನುಷ್ಯನಿಗಾಗಿ ಅಲ್ಲ, ಮಂಗಟ್ಟೆ ಹಕ್ಕಿಗಾಗಿ, ದೊಡ್ಡ ಕಾಡುಪಾರಿವಾಳಕ್ಕಾಗಿ. ಅಗಲ ಬಾಯಿಯ ಈ ಹಕ್ಕಿಗಳು ಬಿರಿದ ಕಾಯಿಯಿಂದ ಬೀಜವನ್ನು ಪತ್ರೆಸಮೇತ ನುಂಗುತ್ತವೆ. ಕೊಬ್ಬು ತುಂಬಿದ ಪತ್ರೆ ಹೊಟ್ಟೆಯಲ್ಲಿ ಕರಗುತ್ತದೆ. ಮಂಗಟ್ಟೆಯು ಬೀಜವನ್ನು ಕೆಡದಂತೆ, ಶುಚಿಯಾಗಿ, ತಾಯಿಮರದಿಂದ ದೂರದ ಯಾವುದೋ ನೆರಳಿನಲ್ಲಿ ಬಾಯಿಂದ ಹೊರಹಾಕುತ್ತದೆ. ಅಂದರೆ ಪತ್ರೆಯೆಂಬುದು ಸಾಗಣೆಯ ಕೂಲಿ. ನಾವು ಮರದ ಅಷ್ಟೂ ಪತ್ರೆಯನ್ನು ಬಿಡಿಸಿಕೊಂಡರೆ ಆ ಕೂಲಿಯನ್ನು ಕಿತ್ತುಕೊಂಡಂತೆಯೇ. ಆಗ ಅಳಿದುಳಿದ ಬೀಜಗಳೂ ತಾಯಿಮರದ ಬುಡದಲ್ಲೇ ರಾಶಿಯಾಗಿ ಬಿದ್ದು ಹುಳುವಿಗೋ ಇಲಿಗೋ ಆಹಾರವಾಗುತ್ತವೆ.

ಇನ್ನು ಬೀಜದ ಒಳಗು. ವಿದ್ಯಾರ್ಥಿಗಳು ಮನೆಯ ಜಾಯಿಕಾಯಿಯೊಂದನ್ನು ಅಡ್ಡಕ್ಕೆ ಕೊಯ್ದು ನೋಡಲಿ. ತಿಳಿ ಬಣ್ಣದ ತಿರುಳಿನೊಳಗೆ ಕಂದು ಗೆರೆಗಳು ನದಿಯ ಕವಲುಗಳಂತೆ ಹರಡಿರುತ್ತವೆ. ಒಳಸಿಪ್ಪೆಯು ತಿರುಳಿನೊಳಕ್ಕೆ ಮಡಿಕೆಮಡಿಕೆಯಾಗಿ ನುಗ್ಗಿದ್ದರ ಗುರುತು ಅದು. ತಿರುಳಿನಲ್ಲಿ ಕೊಬ್ಬು ಸಮೃದ್ಧವಾಗಿದೆ. ಭ್ರೂಣವಾದರೋ ಒಂದು ತುದಿಯಲ್ಲಿ ಅಡಗಿರುವ ಅತಿ ಸಣ್ಣ ಕಣ. ಇಷ್ಟು ಬುತ್ತಿ ಕಟ್ಟಿಕೊಟ್ಟಿರುವುದು ದಟ್ಟ ಕಾನಿನ ಮಂದಬೆಳಕಿನಲ್ಲಿ ಸಸಿಯು ಮೊದಲ ದಿನಗಳನ್ನು ಕಳೆಯಲಿ ಎಂದು.

ಭತ್ತ, ರಾಗಿ, ಹುರುಳಿಗಳ ಬೀಜ ಬಲಿಯುವಾಗ ತನ್ನ ನೀರನ್ನು ತಾನೇ ಕಳೆದುಕೊಂಡು ನಿದ್ರೆಗೆ ಜಾರುತ್ತದೆ. ಆದ್ದರಿಂದಲೇ ಅದನ್ನು ಕಣಜದಲ್ಲಿಡಲು ಸಾಧ್ಯ. ರಾಮಪತ್ರೆಯ ಬೀಜ ಹಾಗೆ ಒಣಗಿ ಬಲಿಯುವುದಿಲ್ಲ. ಮರದಿಂದ ಕಳಚುವಾಗಲೂ ಅದು ತೇವಭರಿತ, ಅದರೊಳಗಿನ ಜೀವಕ್ರಿಯೆ ನಿಂತೇ ಇರುವುದಿಲ್ಲ. ನೀರು ಒಂದು ಮಿತಿಗಿಂತ ಕೆಳಗಿಳಿದರೆ ಜೀವಕೋಶದ ಪೊರೆಗಳು ಒಡೆದು, ಮತ್ತೆ ನೆನೆಸಿದರೂ ಚೇತರಿಸಿಕೊಳ್ಳುವುದಿಲ್ಲ. ಬೀಜಗಳನ್ನು ಹೀಗೆ ಎರಡು ಬಗೆಯಾಗಿ ವಿಂಗಡಿಸಿ ೧೯೭೩ರಲ್ಲಿ ಹೆಸರಿಟ್ಟವರು ಇ.ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ. ಒಣಗಿಸಲು ಬಾರದವುಗಳಿಗೆ ಅವರು ಕೊಟ್ಟ ಇಂಗ್ಲಿಷ್ ಹೆಸರಿನ ಅರ್ಥ ‘ಮಾತು ಕೇಳದ ಹಟಮಾರಿ’ ಎಂದು. ವರ್ಷವಿಡೀ ತೇವವಿರುವ ನೆಲದಲ್ಲಿ ಬೀಳುವ ಬೀಜ ಯಾರಿಗಾಗಿ ಕಾಯಬೇಕು? ಹಟವೆಂದು ನನಗೆ ತೋರುವುದಿಲ್ಲ. ಧೂಪ, ಮಾವು, ಹಲಸುಗಳೂ ಇದೇ ಗುಂಪಿನವು. ನಮ್ಮ ಅಜ್ಜಿಯರು ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ಇಡುತ್ತಿದ್ದುದು ಅದರ ತೇವ ಆರದಿರಲೆಂದು.

ಈ ಗುಣಕ್ಕೆ ಚರಿತ್ರೆಯ ಸಾಕ್ಷ್ಯವೂ ಇದೆ. ಜಾಯಿಕಾಯಿಯ ತವರು ಇಂಡೋನೇಷ್ಯಾದ ಬಾಂಡಾ ದ್ವೀಪಗಳು. ೧೬೨೧ರಲ್ಲಿ ಡಚ್ಚರು ಆ ದ್ವೀಪಗಳನ್ನು ರಕ್ತಪಾತದಿಂದ ವಶಪಡಿಸಿಕೊಂಡರು. ಬೇರೆಲ್ಲೂ ಯಾರೂ ಬೆಳೆಯದಿರಲೆಂದು ಅವರು ಮಾರುವ ಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಳಿಸುತ್ತಿದ್ದರೆಂದು ಹೇಳುತ್ತಾರೆ. ಚೆನ್ನಾಗಿ ಒಣಗಿದ ಬೀಜಕ್ಕೆ ಸುಣ್ಣದ ಅಗತ್ಯವೇ ಇರಲಿಲ್ಲ! ೧೭೭೦ರ ಸುಮಾರಿಗೆ ಪಿಯರ್ ಪೊಯ್ವ್ರ್ ಎಂಬ ಫ್ರೆಂಚ್ ಅಧಿಕಾರಿ ಮಾರಿಷಸ್ಸಿಗೆ ಜಾಯಿಕಾಯಿಯನ್ನು ತರಿಸಿದಾಗ ಹಡಗಿನಲ್ಲಿ ಬಂದದ್ದು ಒಣ ಬೀಜದ ಚೀಲವಲ್ಲ, ಸಸಿಗಳು ಮತ್ತು ಮೊಳೆಯಲು ಸಿದ್ಧವಾದ ಬೀಜಗಳು.

ಜಗತ್ತಿನ ಬೀಜಬ್ಯಾಂಕುಗಳು ಬೀಜವನ್ನು ಚೆನ್ನಾಗಿ ಒಣಗಿಸಿ ಶೂನ್ಯಕ್ಕಿಂತ ಸುಮಾರು ೨೦ ಡಿಗ್ರಿ ಕೆಳಗಿನ ಶೀತದಲ್ಲಿ ಇಡುತ್ತವೆ. ರಾಮಪತ್ರೆಗೆ ಆ ಬಾಗಿಲು ಮುಚ್ಚಿದೆ. ಭ್ರೂಣವನ್ನಷ್ಟೇ ಬಿಡಿಸಿ ಅತಿಶೀತದಲ್ಲಿಡುವ ಪ್ರಯೋಗಾಲಯದ ಹಾದಿ ಉಂಟು, ಆದರೆ ಅದು ಕಾಡಿಗೆ ಬದಲಿಯಲ್ಲ. ಹಾಗಾಗಿ ನಿಂತ ಮರವೇ ಇದರ ಕಣಜ. ರಾಮಪತ್ರೆಯು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಹುದಾದ ಪ್ರಭೇದವೆಂದು ಸೇರಿರುವಾಗ ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಕೊಯ್ಲಿನ ವಿಷಯದಲ್ಲಿ ನಮ್ಮವರೊಡನೆ ನನಗೆ ತಕರಾರಿದೆ. ಕಿರು ಅರಣ್ಯ ಉತ್ಪನ್ನವನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುವ ಪದ್ಧತಿಯಲ್ಲಿ ಮೊದಲು ಮರ ಹತ್ತಿದವನಿಗೆ ಕಾಯಿ. ಕಾಯಿ ಬಿರಿಯುವವರೆಗೆ ಕಾದವನಿಗೆ ಬರಿಗೈ. ಹೀಗಾಗಿ ಎಳೆಗಾಯಿಯನ್ನೇ ಕೊಂಬೆಸಮೇತ ಇಳಿಸುತ್ತಾರೆ. ಎಳೆ ಪತ್ರೆ ಒಣಗಿದರೆ ತೂಕವಿಲ್ಲ, ಬಣ್ಣವಿಲ್ಲ, ಬೆಲೆಯೂ ಇಲ್ಲ; ಬಲಿಯದ ಬೀಜ ಮೊಳೆಯುವುದೂ ಇಲ್ಲ. ಬಡ ಸಂಗ್ರಾಹಕನನ್ನು ಬೈದು ಪ್ರಯೋಜನವಿಲ್ಲ. ಕಾಯುವುದರಿಂದ ಅವನಿಗೆ ನಷ್ಟವಾಗದಂತೆ ಊರಿನ ಸಮಿತಿಯೇ ಕೊಯ್ಲಿನ ದಿನವನ್ನು ಗೊತ್ತುಮಾಡಬೇಕು. ೨೦೦೬ರ ಅರಣ್ಯ ಹಕ್ಕು ಕಾಯ್ದೆಯು ಕಿರು ಉತ್ಪನ್ನದ ಹಕ್ಕನ್ನೂ ಕಾಡನ್ನು ಕಾಯುವ ಅಧಿಕಾರವನ್ನೂ ಗ್ರಾಮಸಭೆಗಳಿಗೆ ಕೊಟ್ಟಿದೆ. ಅದನ್ನು ಬಳಸಿಕೊಂಡ ಊರುಗಳು ಕಡಿಮೆ. ಮೇಲಿನ ಕೊಂಬೆಗಳ ಕಾಯಿಯನ್ನು ಹಕ್ಕಿಗೆ ಬಿಡಬೇಕು. ಕಾಯಿಯನ್ನು ಮನೆಗೆ ಹೊತ್ತು ತಂದು ಅಂಗಳದಲ್ಲಿ ಬಿಡಿಸುವ ಬದಲು ಕಾಡಿನಲ್ಲೇ ಪತ್ರೆ ಬಿಡಿಸಿ, ಬೀಜವನ್ನು ಅಂದೇ ನೆರಳಿನ ಹಸಿನೆಲದಲ್ಲಿ ದರಗಿನಡಿ ಊರಬಹುದು. ಸಸಿ ಮಾಡುವ ಆಸಕ್ತರೂ ಅಷ್ಟೇ: ಎರಡು ಮೂರು ದಿನದೊಳಗೆ ಹಸಿ ಮರಳಿನಲ್ಲಿ ಹಾಕಿ, ಮೇಲೆ ನೆರಳು ಕೊಟ್ಟು, ತಾಳ್ಮೆಯಿಂದಿರಬೇಕು. ಜಾಯಿಕಾಯಿಯಂತೂ ಮೊಳೆಯಲು ಒಂದರಿಂದ ಮೂರು ತಿಂಗಳು ತೆಗೆದುಕೊಳ್ಳುತ್ತದೆ.

ಇದೇ ಕುಟುಂಬದ ಕೆಲವು ಮರಗಳು ಹರಿವ ನೀರಿನ ಜೌಗಿನಲ್ಲಷ್ಟೇ ಬಾಳುತ್ತವೆ. ೧೯೬೦ರಲ್ಲಿ ತಿರುವಾಂಕೂರು ಭಾಗದಲ್ಲಿ ಕೃಷ್ಣಮೂರ್ತಿಯವರು ಮೊದಲಿಗೆ ದಾಖಲಿಸಿದ ಈ ಜೌಗುಕಾಡುಗಳು ಉತ್ತರ ಕನ್ನಡದಲ್ಲೂ ಇವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅವುಗಳಲ್ಲಿ ಪ್ರಸಿದ್ಧ. ಊರುಗೋಲಿನಂಥ ಬೇರು, ಮೊಣಕಾಲಿನಂತೆ ನೀರಿನಿಂದ ಮೇಲೆದ್ದ ಬೇರು ಅಲ್ಲಿ ನೋಡಸಿಗುತ್ತವೆ. ಕಣಿವೆಯ ಇಂಥ ಎಷ್ಟೋ ಜೌಗುಗಳು ಅಡಿಕೆ ತೋಟವಾಗಿ, ಗದ್ದೆಯಾಗಿ ಹೋದವೆಂಬುದನ್ನು ತೋಟದವರಾದ ನಾವು ಒಪ್ಪಬೇಕು. ಉಳಿದ ಜೌಗಿನ ಮೇಲಿನ ಹಳ್ಳವನ್ನು ತಿರುಗಿಸಿದರೆ ಮರ ಕೆಲವು ವರ್ಷ ಹಸಿರಾಗಿಯೇ ನಿಂತಿರುತ್ತದೆ, ಕಾಯಿಯೂ ಬಿಡುತ್ತದೆ. ಬೀಜ ಮಾತ್ರ ಒಣನೆಲಕ್ಕೆ ಬಿದ್ದು ಸಾಯುತ್ತದೆ. ಇನ್ನು ಮುಂದೆ ಯಾವುದೇ ಯೋಜನೆಯ ವರದಿಯಲ್ಲಿ ‘ಕಡಿಯುವ ಮರಗಳಿಗೆ ಪ್ರತಿಯಾಗಿ ಬೇರೆಡೆ ಇದೇ ಜಾತಿಯ ಸಸಿ ಬೆಳೆಸಲಾಗುವುದು’ ಎಂಬ ಸಾಲು ಕಂಡರೆ, ಅಹವಾಲು ಸಭೆಯಲ್ಲಿ ಎದ್ದು ನಿಂತು ಕೇಳಿ: ಬೀಜವನ್ನು ಯಾವ ಮರದಿಂದ, ಯಾವ ತಿಂಗಳಲ್ಲಿ ತರುತ್ತೀರಿ, ಎಷ್ಟು ದಿನದೊಳಗೆ ಬಿತ್ತುತ್ತೀರಿ, ಬೇಸಿಗೆಯಲ್ಲೂ ನೀರು ಹರಿಯುವ ಯಾವ ಜಾಗದಲ್ಲಿ ನೆಡುತ್ತೀರಿ?