ಮೂರು ಪಾಳಿಯ ಇಡ್ಲಿ

ಡಿಸೆಂಬರ್ ಬಂತೆಂದರೆ ನಮ್ಮ ವಾಳೂಜ್‌ನಲ್ಲಿ ಇಡ್ಲಿ ಹಿಟ್ಟು ಮುಷ್ಕರ ಹೂಡುತ್ತದೆ. ರಾತ್ರಿ ರುಬ್ಬಿಟ್ಟದ್ದು ಮರಾಠವಾಡದ ಒಣ ಚಳಿಗೆ ಬೆಳಿಗ್ಗೆಯೂ ಇಟ್ಟಷ್ಟೇ ಇರುತ್ತದೆ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ನನಗೆ, ನಿಧಾನವಾದದ್ದನ್ನು ಚುರುಕು ಮಾಡುವುದೇ ಸಂಬಳದ ಕೆಲಸ. ಕಳೆದ ಚಳಿಗಾಲ ಅಡುಗೆಮನೆಯಲ್ಲೂ ಅದನ್ನೇ ಮಾಡಹೋದೆ. ಫ್ರಿಜ್‌ನಲ್ಲಿ ನಾಲ್ಕು ದಿನದಿಂದ ಇದ್ದ ಹುಳಿ ಹಿಟ್ಟನ್ನು ಎರಡು ಸೌಟು ಹೊಸ ಹಿಟ್ಟಿಗೆ ಕಲಸಿದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಬೆಳಿಗ್ಗೆ ನೋಡಿದರೆ ಹುಳಿ ಬಂದಿತ್ತು, ಉಬ್ಬು ಬಂದಿರಲಿಲ್ಲ. ಊರಿಂದ ಬಂದಿದ್ದ ಅಮ್ಮ ಗಟ್ಟಿ ಇಡ್ಲಿಯನ್ನು ಬೆರಳಲ್ಲಿ ಒತ್ತಿ, "ಹುಳಿ ಬರೋದು ಬೇರೆ, ಹುದುಗು ಬರೋದು ಬೇರೆ ಕಣೋ" ಎಂದರು.

ಅವರ ಮಾತು ಎಷ್ಟು ಸರಿ ಎಂದು ತಿಳಿದದ್ದು ಆಮೇಲೆ ಓದಿದಾಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೈನ್‌ಕ್ರಾಸ್, ಮುಖರ್ಜಿ ಮತ್ತು ಸಂಗಡಿಗರು ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಗಳ ಬಗ್ಗೆ 1965ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ನಮ್ಮ ಕಾರ್ಖಾನೆಗಳಂತೆ ಹಿಟ್ಟಿನಲ್ಲೂ ಪಾಳಿಗಳಿವೆ. ಮೊದಲ ಪಾಳಿ ಲ್ಯುಕೊನೊಸ್ಟಾಕ್‌ನದು. ಅದು ಅಕ್ಕಿ, ಉದ್ದಿನ ಜತೆಗೇ ಬಂದಿರುತ್ತದೆ, ಹೆಪ್ಪು ಬೇಕಿಲ್ಲ. ಸಕ್ಕರೆ ತಿಂದು ಆಮ್ಲದ ಜತೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿಯನ್ನು ಉದ್ದಿನ ಲೋಳೆ ಹಿಡಿದಿಟ್ಟುಕೊಂಡಾಗ ಹಿಟ್ಟು ಉಬ್ಬುತ್ತದೆ. ಅದೇ ಆಮ್ಲಕ್ಕೆ ಹಿಟ್ಟು ಕೆಡಿಸುವ ಬ್ಯಾಕ್ಟೀರಿಯಾಗಳು ಹಿಂದೆ ಸರಿಯುತ್ತವೆ. ಹುಳಿ ತಾಳುವ ಎಂಟರೊಕಾಕಸ್, ಆಮೇಲೆ ಪೀಡಿಯೊಕಾಕಸ್ ಮೇಲೆ ಬರುತ್ತವೆ. ಇವು ಹುಳಿ ಹೆಚ್ಚಿಸುತ್ತವೆ, ಗಾಳಿ ಬಿಡುವುದಿಲ್ಲ. ಹುಳಿ ಇನ್ನೂ ಏರಿದರೆ, ಮೊದಲು ಬಂದು ಎಲ್ಲರಿಗೂ ಜಾಗ ಮಾಡಿಕೊಟ್ಟ ಲ್ಯುಕೊನೊಸ್ಟಾಕ್‌ಗೇ ಅಲ್ಲಿ ಇರುವುದು ಕಷ್ಟ.

ಕಾರ್ಖಾನೆಯ ಯೋಗರ್ಟ್‌ನ ಲೆಕ್ಕ ಬೇರೆ. ಅಲ್ಲಿ ಇಬ್ಬರು ಒಂದೇ ಪಾಳಿಯಲ್ಲಿ ದುಡಿಯುತ್ತಾರೆ. ಲ್ಯಾಕ್ಟೊಬ್ಯಾಸಿಲಸ್ ಹಾಲಿನ ಪ್ರೋಟೀನ್ ಒಡೆದು ಸ್ಟ್ರೆಪ್ಟೊಕಾಕಸ್‌ಗೆ ಆಹಾರ ಒದಗಿಸುತ್ತದೆ. ಪ್ರತಿಯಾಗಿ ಸ್ಟ್ರೆಪ್ಟೊಕಾಕಸ್ ಕೊಡುವ ಫಾರ್ಮಿಕ್ ಆಮ್ಲ ಅದರ ಬೆಳವಣಿಗೆಗೆ ನೆರವಾಗುತ್ತದೆ. ಜೋಡಿಯನ್ನು ಒಟ್ಟಿಗೇ ಹೆಪ್ಪು ಹಾಕಿದರೆ ಆಯಿತು. ನಾನು ಇಡ್ಲಿಗೆ ಸುರಿದದ್ದು ಬಹುಶಃ ಕೊನೆಯ ಪಾಳಿಯವರನ್ನು, ಅದೂ ಮೊದಲ ಪಾಳಿ ಗೇಟು ದಾಟುವ ಮುಂಚೆಯೇ.

ಮರುದಿನ ಅಮ್ಮ ಹೊಸದಾಗಿ ರುಬ್ಬಿ, ಪಾತ್ರೆಗೆ ಕಂಬಳಿ ಸುತ್ತಿ, ಮಧ್ಯಾಹ್ನದವರೆಗೆ ಮುಟ್ಟಬೇಡ ಎಂದರು. ಒಂದೂವರೆಗೆ ಮಲ್ಲಿಗೆಯಂಥ ಇಡ್ಲಿ ತಿಂದೆವು.

ಅಪ್ಪ ಹೋದಾಗಿನಿಂದ, ಊರಿನ ಮನೆ ಕೊಟ್ಟು ಇಲ್ಲಿಗೇ ಬಂದುಬಿಡಿ ಎಂದು ಅಮ್ಮನನ್ನು ಒತ್ತಾಯಿಸುತ್ತಿದ್ದೆ. ಗಿರಾಕಿಯನ್ನೂ ಹುಡುಕಿಟ್ಟಿದ್ದೆ. ಆ ಮಧ್ಯಾಹ್ನ ಅವರು ತಟ್ಟೆ ತೊಳೆಯುತ್ತಾ, "ಈ ಚಳಿಗಾಲ ಇರ್ತೀನಿ. ಪಕ್ಕದ ಮನೆಯಾಕೆಯ ಮರಾಠಿ ಈಗಷ್ಟೇ ಕಿವಿಗೆ ಹತ್ತುತ್ತಿದೆ. ಮನೆ ಮಾತು ಮುಂದಿನ ವರ್ಷ ನೋಡೋಣ" ಎಂದರು. ಸಂಜೆ ಗಿರಾಕಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದೆ.

ಅಂದಹಾಗೆ, ದೆಹಲಿ, ಪುಣೆಯ ಚಳಿಯಲ್ಲಿರುವವರೇ, ನಿಮ್ಮ ಹಿಟ್ಟು ಎಷ್ಟು ಹೊತ್ತಿಗೆ ಏಳುತ್ತದೆ?