ಮೀನಿನ ತೊಟ್ಟಿಗೂ ಬೇಸಿಗೆ

ಮಧುಗಿರಿಯಿಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಆರು ಗೋಲ್ಡ್ ಫಿಶ್. ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ನಾಲ್ಕು ದಿನದಲ್ಲಿ ನಾಲ್ಕು ಸತ್ತವು. ಅಂಗಡಿಯವರು ಚಿಲ್ಲರ್ ಹಾಕಿಸಿ ಎಂದರಂತೆ. ಅದರ ಬೆಲೆ ಕೇಳಿದ ಅಪ್ಪ, ಆ ದುಡ್ಡಿಗೆ ಮನೆಗೇ ಹೊಸ ಫ್ರಿಜ್ ಬರುತ್ತದಲ್ಲ ಎಂದರಂತೆ. ಉಳಿದ ಎರಡನ್ನಾದರೂ ಉಳಿಸಿಕೊಳ್ಳುವುದು ಹೇಗೆ ಎಂಬುದು ಹುಡುಗನ ಪ್ರಶ್ನೆ.

ಅಪ್ಪ ಹೇಳಿದ್ದರಲ್ಲಿ ವಿಜ್ಞಾನವೂ ಇದೆ. ಚಿಲ್ಲರ್ ಎಂದರೆ ಫ್ರಿಜ್ಜೇ. ಅದೇ ಕಂಪ್ರೆಸರ್, ಅದೇ ಅನಿಲ, ಹಿಂದೆ ಅದೇ ಬಿಸಿಯಾಗುವ ಕೊಳವೆಗಳು. ತಣ್ಣಗಾಗುವುದು ತರಕಾರಿಯ ಬದಲು ತೊಟ್ಟಿಯ ನೀರು, ಅಷ್ಟೇ ವ್ಯತ್ಯಾಸ.

ಮೊದಲು ಮೀನು ಸತ್ತದ್ದೇಕೆ ನೋಡೋಣ. ಮೀನು ಬೆಂದು ಸಾಯಲಿಲ್ಲ, ಉಸಿರು ಕಟ್ಟಿ ಸತ್ತಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 34 ಡಿಗ್ರಿಯಲ್ಲಿ 7 ಮಾತ್ರ. ಇನ್ನೊಂದು ಕಡೆ, ತಣ್ಣೆತ್ತರಿನ ಪ್ರಾಣಿಯಾದ ಮೀನಿನ ದೇಹದ ಕೆಲಸ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ಸಂಬಳ ಕಡಿತವಾದ ತಿಂಗಳಲ್ಲೇ ಖರ್ಚು ಎರಡು ಪಟ್ಟು! ಅದರಲ್ಲೂ ಗೋಲ್ಡ್ ಫಿಶ್ ತಣ್ಣೀರಿನ ಮೀನು. 18ರಿಂದ 24 ಡಿಗ್ರಿ ಅದಕ್ಕೆ ಸುಖ. ಗಪ್ಪಿ, ಮೋಲಿಗಳು 28ರಲ್ಲೂ ಆರಾಮವಾಗಿರುತ್ತವೆ. ಡಿಸ್ಕಸ್ ಮೀನಿಗಂತೂ 28-30 ಬೇಕೇ ಬೇಕು. ಅದನ್ನು ಸಾಕುವವರಿಗೆ ಮಧುಗಿರಿಯಲ್ಲಿ ಏಪ್ರಿಲ್ ತಿಂಗಳಿಗಿಂತ ಡಿಸೆಂಬರ್ ತಿಂಗಳ ಚಿಂತೆಯೇ ಹೆಚ್ಚು.

ಹಾಗಾದರೆ ಚಿಲ್ಲರ್ ತರಬೇಕೆ? ಅದಕ್ಕೆ ಮುಂಚೆ ಅಡುಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯನ್ನೊಮ್ಮೆ ಮುಟ್ಟಿ ನೋಡಿ. ಕರೆಂಟಿಲ್ಲ, ಕಂಪ್ರೆಸರ್ ಇಲ್ಲ, ಆದರೂ ಅದರ ನೀರು ತಂಪು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಎಷ್ಟು ಹೊತ್ತೊಯ್ಯುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊ ಕ್ಯಾಲೊರಿ ಶಾಖ ಬೇಕು. ಮೂರಡಿ ತೊಟ್ಟಿಯಲ್ಲಿ ಸುಮಾರು 100 ಲೀಟರ್ ನೀರಿದೆ ಎಂದಿಟ್ಟುಕೊಳ್ಳಿ. ಅದರಿಂದ ಒಂದೇ ಲೀಟರ್ ಆವಿಯಾದರೂ, ಹೊರಗಿನಿಂದ ಬಿಸಿ ಬರದಿದ್ದರೆ, ಉಳಿದ ನೀರು ಸುಮಾರು 6 ಡಿಗ್ರಿ ತಣ್ಣಗಾಗಬೇಕು. ಈಗ ಆ ಒಂದು ಲೀಟರ್ ನೀರನ್ನು ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡಿ ಬಾಟಲಿ ಸಮೇತ ತೊಟ್ಟಿಯಲ್ಲಿ ತೇಲಿಬಿಟ್ಟರೆ? ಕರಗಲು 80, ಆಮೇಲೆ ತೊಟ್ಟಿಯ ಮಟ್ಟಕ್ಕೆ ಬಿಸಿಯಾಗಲು 30 ಕಿಲೊ ಕ್ಯಾಲೊರಿ. ತಣ್ಣಗಾಗುವುದು ಬರೇ ಒಂದು ಡಿಗ್ರಿ!

ವಾಸ್ತವದಲ್ಲಿ ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುತ್ತದೆ. ಹಾಗಾಗಿ ತೊಟ್ಟಿಯ ಗಾಜಿನ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ 2ರಿಂದ 4 ಡಿಗ್ರಿ ಇಳಿಯುತ್ತದೆ. ಇದು ಎಲ್ಲ ಊರಿನಲ್ಲೂ ನಡೆಯುವ ಆಟವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಕೃಷಿ ಇಲಾಖೆಯವರ ಲೆಕ್ಕದಲ್ಲಿ ‘ಮಧ್ಯ ಒಣವಲಯ’ಕ್ಕೆ ಸೇರಿದವು. ಮಳೆ ವಿಷಯಕ್ಕೆ ಶಾಪವಾದ ಒಣಹವೆ ಇಲ್ಲಿ ವರ. 38 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವ ಶೇಕಡಾ 25 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23 ಡಿಗ್ರಿಯವರೆಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಬಿಸಿಲು 33 ಡಿಗ್ರಿಯೇ ಇರಬಹುದು. ತೇವ ಶೇಕಡಾ 70 ಇದ್ದರೆ ಒದ್ದೆ ಥರ್ಮಾಮೀಟರ್ 28ಕ್ಕಿಂತ ಕೆಳಗಿಳಿಯದು. ಎಷ್ಟೇ ದೊಡ್ಡ ಫ್ಯಾನ್ ಇಟ್ಟರೂ ಗಾಳಿಯಿಂದ ನೀರು ತಣ್ಣಗಾಗುವ ಕೊನೆಯ ಮೆಟ್ಟಿಲು ಅದೇ. ಶಾಲೆಯಲ್ಲಿ ಎರಡು ಥರ್ಮಾಮೀಟರ್ ಸಿಕ್ಕರೆ ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. ಎರಡರ ನಡುವಿನ ಅಂತರವೇ ನಿಮ್ಮೂರಿನ ಪುಕ್ಕಟೆ ಚಿಲ್ಲರ್.

ಪೂರ್ತಿ ಪುಕ್ಕಟೆ ಅಲ್ಲ ಎನ್ನಿ. ಆವಿಯಾಗುವುದು ನೀರು ಮಾತ್ರ. ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ದಿನಕ್ಕೆ ಒಂದೆರಡು ಲೀಟರ್ ಕಡಿಮೆಯಾಯಿತೆಂದು ಕೊಳವೆಬಾವಿಯ ನೀರನ್ನೇ ಸುರಿಯುತ್ತಾ ಹೋದರೆ ತಿಂಗಳೊಳಗೆ ಗಡಸುತನ ಏರಿಬಿಡುತ್ತದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟು ಹೆಚ್ಚು ಎಂಬುದನ್ನು ಅಲ್ಲಿಯ ಹಿರಿಯರ ಹಲ್ಲು, ಮೂಳೆಗಳೇ ಹೇಳುತ್ತವೆ. ಅದೂ ಆವಿಯಾಗುವುದಿಲ್ಲ. ಆರಿದಷ್ಟು ನೀರನ್ನು ಶುದ್ಧ ಕುಡಿಯುವ ನೀರಿನ ಘಟಕದ ನೀರಿನಿಂದಲೋ ಹಿಡಿದಿಟ್ಟ ಮಳೆನೀರಿನಿಂದಲೋ ತುಂಬಿಸಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ಬೇರೆ ಕೆಲಸ, ಅದನ್ನು ಬಿಡಬೇಡಿ.

ಇಷ್ಟು ಮಾಡಿದರೂ ಸಾಲದವರು ಇದ್ದಾರೆ. ಸಮುದ್ರದ ಮೀನು, ಹವಳ ಸಾಕುವವರು, ಪಶ್ಚಿಮಘಟ್ಟದ ತಣ್ಣನೆಯ ಹೊಳೆಗಳಿಂದ ಬಂದ ‘ಮಿಸ್ ಕೇರಳ’ದಂಥ ಮೀನನ್ನು ಇಟ್ಟುಕೊಂಡವರು, ಆರ್‌ಸಿಸಿ ಸೂರಿನ ಮೇಲ್ಮಹಡಿಯಲ್ಲಿ ದೊಡ್ಡ ತೊಟ್ಟಿ ಇಟ್ಟವರು. ಅವರಿಗೆ ಚಿಲ್ಲರ್ ಬೇಕು. ಅದರಲ್ಲಿ ಎರಡು ಬಗೆ. ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನಿಂದಲೇ ಒಂದು ಮಗ್ಗುಲು ತಣ್ಣಗಾಗುವ ಪೆಲ್ಟಿಯರ್ ಬಗೆ ಅಗ್ಗ, ಸದ್ದೂ ಕಡಿಮೆ. ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡ ಚಮತ್ಕಾರ ಅದು. ಇಪ್ಪತ್ತು ಮೂವತ್ತು ಲೀಟರಿನ ತೊಟ್ಟಿಗೆ ಸರಿ, 100 ಲೀಟರಿಗೆ ಕೈಲಾಗದು. ದೊಡ್ಡದಕ್ಕೆ ಕಂಪ್ರೆಸರೇ ಆಗಬೇಕು.

ಯಾವ ಬಗೆಯಾದರೂ ಒಂದು ಮಾತು ನೆನಪಿಡಿ. ಚಿಲ್ಲರ್ ತಂಪನ್ನು ಹುಟ್ಟಿಸುವುದಿಲ್ಲ. ಬಿಸಿಯನ್ನು ನೀರಿನಿಂದ ಎತ್ತಿ ಕೋಣೆಗೆ ಎಸೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ನೋಡಲು ಚೆಂದವೆಂದು ನಾನು ನಮ್ಮ ಮನೆಯ ಚಿಲ್ಲರನ್ನು ತೊಟ್ಟಿಯ ಕೆಳಗಿನ ಮರದ ಬೀರುವಿನೊಳಗಿಟ್ಟು ಬಾಗಿಲು ಹಾಕಿದ್ದೆ. ಅದು ತಾನು ಎಸೆದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ ಹಗಲೆಲ್ಲ ಓಡಿತು. ಸಂಜೆ ಬೀರುವಿನ ಬಾಗಿಲು ಮುಟ್ಟಿದರೆ ಇಸ್ತ್ರಿಪೆಟ್ಟಿಗೆ, ನೀರು ಮಾತ್ರ 32ರಲ್ಲೇ ಇತ್ತು. ಸುತ್ತ ಒಂದು ಗೇಣು ಜಾಗ, ಹತ್ತಿರ ಒಂದು ತೆರೆದ ಕಿಟಕಿ. ಇದಿಲ್ಲದಿದ್ದರೆ ಎಂಥ ಕಂಪನಿಯ ಯಂತ್ರವೂ ಕೆಲಸ ಮಾಡದು.

ಕೂರಿಸುವುದು ಕಷ್ಟವಲ್ಲ. ಬಸ್ಸಿನಲ್ಲಿ ಅಡ್ಡ ಮಲಗಿಸಿಕೊಂಡು ತಂದಿದ್ದರೆ ನೇರ ನಿಲ್ಲಿಸಿ ಒಂದು ದಿನ ಸುಮ್ಮನೆ ಬಿಡಿ. ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಇಳಿಯಬೇಕು. ನೀರು ಫಿಲ್ಟರ್ ದಾಟಿದ ಮೇಲೆಯೇ ಚಿಲ್ಲರಿಗೆ ಬರಲಿ. ಪೈಪುಗಳು ಗಿಡ್ಡವಾಗಿರಲಿ, ಮಡಚಿಕೊಳ್ಳದಿರಲಿ, ತುದಿಗೆ ಕ್ಲಿಪ್ಪು ಬಿಗಿಯಿರಿ. ಪಂಪು ಗಂಟೆಗೆ ಎಷ್ಟು ಲೀಟರ್ ತಳ್ಳಬೇಕೆಂದು ಚಿಲ್ಲರಿನ ಮೇಲೆಯೇ ಬರೆದಿರುತ್ತದೆ. ನೀರು ಹರಿಯತೊಡಗಿದ ಮೇಲಷ್ಟೇ ಸ್ವಿಚ್ ಒತ್ತಿ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಇಳಿಬಿಟ್ಟರೆ ಜಾರಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಅರ್ಥಿಂಗ್ ಮತ್ತು ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಮಕ್ಕಳು ಈ ಕೆಲಸಕ್ಕೆ ಕೈ ಹಾಕಬಾರದು. ಅಪ್ಪ ಅಮ್ಮಂದಿರು ಮೊದಲು ಎಲೆಕ್ಟ್ರಿಷಿಯನ್ನನನ್ನು ಕರೆಸಿ, ಆಮೇಲೆ ಚಿಲ್ಲರ್ ತನ್ನಿ.

ಕೆಟ್ಟಾಗಲೂ ಅದೇ ಮಾತಿನ ಜಾಡು ಹಿಡಿಯಿರಿ. ಒಂದೋ ನೀರು ಬಿಸಿಯನ್ನು ಯಂತ್ರಕ್ಕೆ ತಂದುಕೊಡುತ್ತಿಲ್ಲ, ಇಲ್ಲವೇ ಗಾಳಿ ಅದನ್ನು ಒಯ್ಯುತ್ತಿಲ್ಲ. ಯಂತ್ರ ಓಡುತ್ತಲೇ ಇದೆ, ನೀರು ಇಳಿಯುತ್ತಿಲ್ಲವೆಂದರೆ ಹೊರಬರುವ ಪೈಪಿನ ಧಾರೆ ನೋಡಿ. ಸಣ್ಣಗಾಗಿದ್ದರೆ ಫಿಲ್ಟರಿನ ಸ್ಪಂಜು ಕಟ್ಟಿದೆ, ಅಥವಾ ಗಡಸು ನೀರಿನ ಬಿಳಿ ಸುಣ್ಣ ಒಳಗೆ ಕೂತಿದೆ. ಸುಣ್ಣವಾದರೆ ಚಿಲ್ಲರನ್ನು ತೊಟ್ಟಿಯಿಂದ ಬಿಡಿಸಿ, ತಯಾರಕರ ಪುಸ್ತಿಕೆ ಒಪ್ಪಿದರೆ ನೀರು ಬೆರೆಸಿದ ವಿನೆಗರನ್ನು ಒಳಗೆ ಹರಿಸಿ, ಚೆನ್ನಾಗಿ ತೊಳೆದು ಮತ್ತೆ ಜೋಡಿಸಿ. ಧಾರೆ ಸರಿಯಿದ್ದರೆ ಹಿಂದಿನ ಜಾಲರಿ ನೋಡಿ. ಶಿರಾ, ಪಾವಗಡದ ಕಡೆ ಗಾಳಿಕಾಲದ ಧೂಳು ಎಂಥದ್ದೆಂದು ಹೊಸ ಹೇಳಿಕೆ ಬೇಡ. ಪ್ಲಗ್ ಕಿತ್ತು ಮೆತ್ತನೆಯ ಬ್ರಶ್ಶಿನಿಂದ ತಿಂಗಳಿಗೊಮ್ಮೆ ಉಜ್ಜಬೇಕು. ಎರಡೂ ಚೊಕ್ಕವಾಗಿದ್ದು ಇನ್ನೂ ತಣ್ಣಗಾಗದಿದ್ದರೆ ಅನಿಲ ಸೋರಿರಬಹುದು. ಅದು ಮೆಕ್ಯಾನಿಕ್ ಕೆಲಸ, ನೀವು ಸ್ಕ್ರೂ ಬಿಚ್ಚಬೇಡಿ. ಸಂಜೆ ಹೊತ್ತು ಟಕ್ ಎಂದು ನಿಂತು, ಮತ್ತೆ ಟಕ್ ಎಂದು ಹೊರಡುತ್ತಿದ್ದರೆ ವೋಲ್ಟೇಜ್ ಸಾಲುತ್ತಿಲ್ಲವೇ ಎಂದು ಮೊದಲು ನೋಡಿ. ಕರೆಂಟ್ ಬಂದ ಮೂರು ನಾಲ್ಕು ನಿಮಿಷದ ಮೇಲೆ ಹೊರಡಿಸುವ ಸ್ಟೆಬಿಲೈಸರ್ ಇದ್ದರೆ ಕಂಪ್ರೆಸರ್ ಬಾಳುತ್ತದೆ.

ಕರೆಂಟ್ ಹೋದಾಗ? ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ, 2018ರಲ್ಲಿ ಉದ್ಘಾಟನೆಯಾದದ್ದು. ಮೀನನ್ನು ಬೇಯಿಸುವ ಬಿಸಿಲೇ ಅಲ್ಲಿ ಕರೆಂಟಾಗುತ್ತದೆ. ಹಾಗೆಂದು ಬೀದಿಯ ತಂತಿ ಕಡಿದಾಗ ಅದು ನಿಮ್ಮ ತೊಟ್ಟಿಗೆ ಬಾರದು. ಆ ಹೊತ್ತಿಗೆ ಚಿಲ್ಲರಿನ ಆಸೆ ಬಿಟ್ಟು ಗಾಳಿಗುಳ್ಳೆ ಬಿಡುವ ಏರ್ ಪಂಪನ್ನು ಇನ್ವರ್ಟರಿಗೆ ಹಾಕಿ. ಅದು ಸಣ್ಣ ಪಂಪು, ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಭಾರವಲ್ಲ. ಮೀನಿಗೆ ಮೊದಲು ಬೇಕಾದದ್ದು ತಂಪಲ್ಲ, ಉಸಿರು.

ಮಧುಗಿರಿಯ ಹುಡುಗನಿಗೆ: ಚಿಲ್ಲರ್ ಈಗಲೇ ಬೇಡ. ತೊಟ್ಟಿಯನ್ನು ಪಶ್ಚಿಮದ ಕಿಟಕಿಯಿಂದ ಈಚೆ ಸರಿಸು. ಹಗಲು ದೀಪ ಆರಿಸು, ಊಟ ಅರ್ಧ ಮಾಡು, ಏರ್ ಪಂಪು ಹಗಲೂ ರಾತ್ರಿ ಓಡಲಿ, ಮುಚ್ಚಳದ ಜಾಗಕ್ಕೆ ಬಲೆ ಮತ್ತು ಫ್ಯಾನ್ ಬರಲಿ. ಬೆಳಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 9ಕ್ಕೆ ನೀರಿನ ಉಷ್ಣತೆಯನ್ನು ನೋಟುಬುಕ್ಕಿನಲ್ಲಿ ಬರೆದಿಡು. ಮಧ್ಯಾಹ್ನದ ಅಂಕಿ 28ಕ್ಕಿಂತ ಮೇಲೇ ನಿಂತಿದ್ದರೆ ಒಂದು ವಾರದ ಪಟ್ಟಿಯನ್ನು ನನಗೆ ಕಳಿಸು, ಅಪ್ಪನಿಗೂ ತೋರಿಸು. ಸತ್ತ ನಾಲ್ಕರ ಜಾಗಕ್ಕೆ ಹೊಸ ಮೀನನ್ನು ಮುಂಗಾರು ಬೀಳುವವರೆಗೆ ತರಬೇಡ.